ಹಿನ್ನೀರಿನಲ್ಲಿ ಟ್ಯೂಬಿಂಗ್: ಟ್ಯೂಬ್ ಕೊಳ್ಳುವ ಮೊದಲು ನೀರಿನ ಮಟ್ಟ ನೋಡಿ

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು. ಸಂಬಂಧಿಕರೊಬ್ಬರ ಬಳಿ 16 ಅಡಿಯ ಫೈಬರ್ ದೋಣಿ, 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಇದೆ. ಗೋವಾದಲ್ಲಿ ಬಂಪರ್ ರೈಡ್ (ದೋಣಿ ಎಳೆಯುವ ಗಾಳಿ ಟ್ಯೂಬಿನ ಸವಾರಿ) ಮಾಡಿ ಬಂದ ಮೇಲೆ ಆಲಮಟ್ಟಿ ಹಿನ್ನೀರಿನಲ್ಲಿ ನಾವೇ ಟ್ಯೂಬ್ ಕಟ್ಟಿ ಎಳೆಸಿಕೊಳ್ಳುವ ಹುಚ್ಚು ಹಿಡಿದಿದೆ. ನಾಲ್ವರು ಗೆಳೆಯರಿದ್ದೇವೆ, ಎಲ್ಲರಿಗೂ ಬಾವಿ ಈಜು ಬರುತ್ತದೆ. ಟ್ರ್ಯಾಕ್ಟರ್ ಟ್ಯೂಬ್ ನಡೆಯುವುದೇ? ಹಗ್ಗ ಎಂಥದ್ದು ಬೇಕು? ಏನೇನು ಖರೀದಿಸಬೇಕು, ಯಾವ ತಿಂಗಳು ಸರಿ? ಎಂಟು ವರ್ಷದ ಮಗಳೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ.

ಉತ್ತರ: ಟ್ರ್ಯಾಕ್ಟರ್ ಟ್ಯೂಬ್ ಬೇಡ. ಯಾಕೆ ಎಂಬುದು ಮುಂದೆ ಬರುತ್ತದೆ. ಅದಕ್ಕೂ ಮೊದಲು ನೀವು ಕೇಳದೇ ಇರುವ ಒಂದು ಸಂಗತಿ ಹೇಳಬೇಕು.

ಟ್ಯೂಬಿಗೆ ಚುಕ್ಕಾಣಿ ಇಲ್ಲ, ಬ್ರೇಕೂ ಇಲ್ಲ. ಮೇಲಿದ್ದವರು ಹಿಡಿಕೆ ಹಿಡಿದಿರಬಹುದು ಅಥವಾ ಕೈಬಿಡಬಹುದು, ಅವರ ಕೈಯಲ್ಲಿರುವುದು ಅಷ್ಟೇ. ಮಿಕ್ಕಿದ್ದನ್ನೆಲ್ಲ ನಿರ್ಧರಿಸುವುದು ದೋಣಿ ನಡೆಸುವವರು, ನಡುವಿನ ಹಗ್ಗ, ಮತ್ತು ಆ ದಿನ ನೀರಿನ ಕೆಳಗೆ ಅಡಗಿರುವ ವಸ್ತುಗಳು. ಹೊಸಬರು ಸಾಮಾನ್ಯವಾಗಿ ಚಂದದ ಟ್ಯೂಬಿಗೆ ದುಡ್ಡು ಸುರಿದು, ಉಳಿದ ಚಿಲ್ಲರೆಯಲ್ಲಿ ಹಗ್ಗ ಮತ್ತು ಲೈಫ್ ಜಾಕೆಟ್ ತರುತ್ತಾರೆ. ನಿಮ್ಮ ಲೆಕ್ಕ ತಿರುಗುಮುರುಗಾಗಲಿ. ಜಾಕೆಟ್ ಮೊದಲು, ಹಗ್ಗ ಆಮೇಲೆ, ಟ್ಯೂಬ್ ಕೊನೆಗೆ. ಇನ್ನು ನೀರಿನ ತಳ ತಿಳಿಯಲು ದುಡ್ಡೇ ಬೇಕಿಲ್ಲ, ಒಂದು ಬೇಸಿಗೆ ಬೇಕು.

ಮುಳುಗಡೆಯ ನೀರು

ಬಾಗಲಕೋಟೆಗೆ ಮುಳುಗಡೆ ನಗರಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆಲಮಟ್ಟಿ ಹಿನ್ನೀರು ಸಹಜ ಸರೋವರವಲ್ಲ, ಊರು ಮತ್ತು ಹೊಲಗಳ ಮೇಲೆ ನಿಂತ ನೀರು. ಅದರಡಿ ಮನೆ ಗೋಡೆಗಳ ಅಡಿಪಾಯ, ಗುಡಿಯ ಕಟ್ಟೆ, ಕಲ್ಲು ಕಟ್ಟಿದ ಬಾವಿ, ಕಡಿದ ಬೇವು ಜಾಲಿಯ ಬೊಡ್ಡೆ, ಹಳೇ ರಸ್ತೆಯ ಸೇತುವೆ, ಕಂಬದ ಬುಡ ಎಲ್ಲ ಇವೆ. ಹಿಡಕಲ್ ಜಲಾಶಯದಲ್ಲೂ ಇದೇ ಕಥೆ: ಹುಕ್ಕೇರಿ ತಾಲ್ಲೂಕಿನ ಹುನ್ನೂರಿನ ವಿಠ್ಠಲ ಗುಡಿ ನೀರು ಇಳಿದಾಗ ಮೇಲೆ ಬರುತ್ತದೆ, ಏರಿದಾಗ ಮುಳುಗುತ್ತದೆ. ಗುಡಿ ಎಲ್ಲರಿಗೂ ಗೊತ್ತು, ನೋಡಿ ತಪ್ಪಿಸಿಕೊಳ್ಳಬಹುದು. ನೀರಿನ ಮೇಲ್ಮೈಯಿಂದ ಒಂದು ಮೊಳ ಕೆಳಗಿರುವ ಹೆಸರಿಲ್ಲದ ಗೋಡೆ ಯಾರಿಗೂ ಕಾಣುವುದಿಲ್ಲ. ದೋಣಿಯ ಪ್ರೊಪೆಲ್ಲರಿಗೆ ಅದು ತಾಗಿದರೆ ಬರೀ ಖರ್ಚು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಟ್ಯೂಬಿನಿಂದ ಎಸೆಯಲ್ಪಟ್ಟ ಮನುಷ್ಯನಿಗೆ ತಾಗಿದರೆ ಬೆನ್ನುಮೂಳೆ.

ಇದಕ್ಕೆ ಒಂದು ಉಪಾಯ ಇದೆ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಆಗ ಸಂಗ್ರಹ ಸುಮಾರು 123 ಟಿಎಂಸಿ. ಮಟ್ಟದ ದಿನವಹಿ ಅಂಕಿ ಪತ್ರಿಕೆಗಳಲ್ಲಿ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಿಂದೆ ಸರಿದಾಗ ನೀವು ಟ್ಯೂಬ್ ಎಳೆಯಬೇಕೆಂದಿರುವ ಜಾಗದಲ್ಲಿ ನಡೆದಾಡಿ. ಕಾಣುವ ಪ್ರತಿ ಗೋಡೆ, ಬೊಡ್ಡೆ, ದಿಬ್ಬ, ಬಾವಿಯ ಜಾಗವನ್ನು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ. ಮಳೆ ಶುರುವಾಗಿ ನೀರು ಏರುವಾಗ, ಆ ಗೋಡೆಯ ತುದಿ ಮುಳುಗಿದ ದಿನದ ಮಟ್ಟವನ್ನು ಅದರ ಮುಂದೆ ಬರೆಯಿರಿ. ಗೋಡೆ ಮುಳುಗಿದ ದಿನ ಮಟ್ಟ 515.20 ಇತ್ತು ಎನ್ನೋಣ. ಜಲಾಶಯ ತುಂಬಿ 519.60 ಆದಾಗ ಗೋಡೆಯ ಮೇಲೆ 4.4 ಮೀಟರ್ ನೀರು, ಚಿಂತೆ ಇಲ್ಲ. ಕಾಲುವೆಗೆ ನೀರು ಬಿಟ್ಟು ಮಟ್ಟ 517ಕ್ಕೆ ಇಳಿದಾಗ ಅದೇ ಗೋಡೆಯ ಮೇಲೆ 1.8 ಮೀಟರ್ ಮಾತ್ರ. ಅಂದು ಆ ದಾರಿ ಬಂದ್. ಟ್ಯೂಬ್ ಓಡುವ ಎಲ್ಲೆಡೆ ಕನಿಷ್ಠ 3 ಮೀಟರ್ ನೀರಿರಬೇಕು. ಈ ಲೆಕ್ಕ ನಿಂತ ನೀರಿಗೆ ಸರಿ. ಹೊಳೆ ತುಂಬಿ ಬರುವಾಗ ಮೇಲ್ಭಾಗದ ಮಟ್ಟ ಅಣೆಕಟ್ಟೆಯ ಮಟ್ಟಕ್ಕಿಂತ ಹೆಚ್ಚಿರುತ್ತದೆ. ಆಗ ನೀವು ನೀರಿನಲ್ಲಿರಲೂ ಬಾರದು. ಮೀನು ಹುಡುಕುವ ಸೋನಾರ್ ಯಂತ್ರವೊಂದು ದೋಣಿಯಲ್ಲಿದ್ದರೆ ಒಳ್ಳೆಯದೇ, ಆದರೆ ಅದು ತೋರಿಸುವುದು ದೋಣಿಯ ಕೆಳಗಿನದನ್ನು. ಟ್ಯೂಬ್ ತೂರಿ ಹೋಗುವುದು ದೋಣಿಯ ಪಕ್ಕಕ್ಕೆ.

ಹಾಗಾಗಿ ಯಾವ ತಿಂಗಳು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು: ಮಳೆಗಾಲದ ಒಳಹರಿವು ನಿಂತ ಮೇಲೆ, ಅಕ್ಟೋಬರಿನಿಂದ ಡಿಸೆಂಬರ್ ತನಕ. ಆಷಾಢದ ಗಾಳಿಯಲ್ಲಿ ಬಯಲುಸೀಮೆಯ ಅಗಲ ನೀರು ಸಮುದ್ರದಂತೆ ಅಲೆ ಏಳುತ್ತದೆ, ಮೇಲಿಂದ ತೇಲಿ ಬಂದ ಮರದ ದಿಮ್ಮಿಗಳಿರುತ್ತವೆ, ಗೇಟು ಯಾವಾಗ ಎತ್ತುತ್ತಾರೋ ಗೊತ್ತಿರುವುದಿಲ್ಲ. ಫೆಬ್ರವರಿ ದಾಟಿದರೆ ಮುಳುಗಿದ್ದೆಲ್ಲ ಮೇಲೇಳಲು ಶುರು. ದಿನದ ಹೊತ್ತು ನೋಡುವುದಾದರೆ ಎಂಟರಿಂದ ಹನ್ನೊಂದು ಗಂಟೆ ಚೆನ್ನ. ನೀರಿನ ಮೇಲೆ ಬಿಳಿ ನೊರೆಯ ಅಲೆ ಕಾಣಿಸಿಕೊಂಡರೆ ಆ ದಿನದ ಆಟ ಅಲ್ಲಿಗೇ ಸಾಕು ಮಾಡಿ.

ತಳದ ಕಲ್ಲಿಗಿಂತ ಹೆಚ್ಚು ಕಾಟ ಕೊಡುವುದು ಮೇಲಿನ ಬಲೆ. ಮೀನುಗಾರರು ಸಂಜೆ ಬಿಟ್ಟ ಬಲೆಯನ್ನು ಬೆಳಿಗ್ಗೆ ಎತ್ತುತ್ತಾರೆ. ತೇಲುವ ಥರ್ಮಾಕೋಲ್ ತುಂಡು, ಖಾಲಿ ಬಾಟಲಿ ಸಾಲಾಗಿ ಕಂಡರೆ ಅದರಡಿ ನೈಲಾನ್ ಬಲೆ ಇದೆ ಎಂದೇ ತಿಳಿಯಿರಿ. ಪ್ರೊಪೆಲ್ಲರಿಗೆ ಸುತ್ತಿದರೆ ಬಲೆಯೂ ಹೋಯಿತು, ಎಂಜಿನ್ನಿನ ಸೀಲೂ ಹೋಗಬಹುದು. ಹಿಂದಿನ ದಿನವೇ ಅವರನ್ನು ಕಂಡು ಬಲೆ ಎಲ್ಲಿ ಬಿಡುತ್ತೀರಿ ಎಂದು ಕೇಳುವುದು ಸೌಜನ್ಯವೂ ಹೌದು, ನಿಮ್ಮ ಲಾಭವೂ ಹೌದು. ತಳದ ಬಗ್ಗೆ ಅವರಿಗಿಂತ ಹೆಚ್ಚು ಗೊತ್ತಿರುವವರು ಯಾರೂ ಇಲ್ಲ.

ದಡದ ಕಡೆ ಇನ್ನೊಂದು ಅಪಾಯ: ರೈತರ ಪಂಪ್‌ಸೆಟ್ಟುಗಳು. ನೀರು ಇಳಿದಂತೆ ಪೈಪನ್ನು ಮುಂದೆ ಮುಂದೆ ಚಾಚುತ್ತಾ ಹೋಗುವುದರಿಂದ ದಡದಿಂದ ಬಹಳ ದೂರದ ತನಕ ಪೈಪು, ವಿದ್ಯುತ್ ಕೇಬಲ್ಲು ನೀರಿನಲ್ಲೇ ಬಿದ್ದಿರುತ್ತವೆ. ದಡದಿಂದ 60 ಮೀಟರ್ ದೂರ ಎಂಬುದು ಸಾಮಾನ್ಯ ನಿಯಮ. ಇಲ್ಲಿ ಕೊನೆಯ ಪೈಪಿನ ತುದಿಯಿಂದ 60 ಮೀಟರ್ ಎಂದು ಓದಿಕೊಳ್ಳಿ. ಸೇತುವೆ ಕಂಬ, ಜಾಕ್‌ವೆಲ್ (ನೀರೆತ್ತುವ ಬಾವಿ) ಹತ್ತಿರವೂ ಅಷ್ಟೇ.

ಮೊಸಳೆಯ ವಿಷಯ ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅಥಣಿ, ಚಿಕ್ಕೋಡಿ ಕಡೆಯಿಂದ ಜಮಖಂಡಿ, ಬೀಳಗಿ ತನಕ ಕೃಷ್ಣೆಯಲ್ಲಿ ಮೊಸಳೆಗಳಿವೆ. ಚಳಿಗಾಲದ ಬೆಳಗಿನಲ್ಲಿ ಅವು ಬಿಸಿಲು ಕಾಯಲು ದಡಕ್ಕೆ ಬರುತ್ತವೆ, ಅಂದರೆ ನಿಮಗೆ ಅನುಕೂಲವಾದ ಕಾಲದಲ್ಲೇ. ಇಕ್ಕಟ್ಟಾದ ಹೊಳೆಯ ಭಾಗ, ಮಡು, ಜೊಂಡು ಬೆಳೆದ ಅಂಚು, ಮರಳಿನ ದಿಬ್ಬ ಇವು ಬೇಡ. ಅಗಲವಾದ ತೆರೆದ ನೀರಿನ ನಡುಭಾಗ ಆರಿಸಿ. ದೋಣಿ ಹತ್ತಿ ಇಳಿಯುವ ಜಾಗ ಜನ ಓಡಾಡುವ ಘಟ್ಟವೇ ಆಗಿರಲಿ, ಮುಂಜಾವು ಮತ್ತು ಮುಸ್ಸಂಜೆ ಬಿಟ್ಟುಬಿಡಿ. ಹಿನ್ನೀರಿನ ತೆಳು ಅಂಚುಗಳಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು, ರಾಜಹಂಸಗಳು ಬರುತ್ತವೆ. ಅವುಗಳನ್ನು ಎಬ್ಬಿಸಬೇಡಿ. ಹೇಗೂ ಅಲ್ಲಿ ನಿಮಗೆ ಬೇಕಾದ ಆಳ ಇರುವುದಿಲ್ಲ. ಗೋಕಾಕ ಬಳಿಯ ಘಟಪ್ರಭಾ ಪಕ್ಷಿಧಾಮದ ನೀರಂತೂ ಈ ಆಟಕ್ಕೆ ಸಲ್ಲದು.

ಅನುಮತಿಯ ಬಗ್ಗೆ ಚಿಕ್ಕದಾಗಿ: ಎಂಜಿನ್ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ, ತಪಾಸಣೆ ಪ್ರಮಾಣಪತ್ರ, ವಿಮೆ ಇವು ಬರುತ್ತವೆ. ನಿಮ್ಮ ಸಂಬಂಧಿಕರ ಬಳಿ ಕಾಗದ ಇವೆಯೇ ನೋಡಿ. ಜಲಾಶಯದಲ್ಲಿ ಆಟಕ್ಕೆ ಅದರ ಉಸ್ತುವಾರಿ ಇರುವ ನಿಗಮದ ಒಪ್ಪಿಗೆ ಬೇಕು: ಆಲಮಟ್ಟಿಗೆ ಕೃಷ್ಣಾ ಭಾಗ್ಯ ಜಲ ನಿಗಮ, ಹಿಡಕಲ್ ಮತ್ತು ನವಿಲುತೀರ್ಥಕ್ಕೆ ಕರ್ನಾಟಕ ನೀರಾವರಿ ನಿಗಮ. ಅಣೆಕಟ್ಟೆ, ಗೇಟು, ವಿದ್ಯುತ್ ಘಟಕದ ಹತ್ತಿರ ಸುಳಿಯಬೇಡಿ. ಸ್ಥಳೀಯ ಠಾಣೆಗೊಂದು ಮಾತು ತಿಳಿಸಿಟ್ಟರೆ ಏನಾದರೂ ಆದಾಗ ಹುಡುಕುವವರಿಗೆ ದಿಕ್ಕು ತಿಳಿದಿರುತ್ತದೆ.

ನಿಮ್ಮ ದೋಣಿ ಎಷ್ಟು ಎಳೆಯುತ್ತದೆ

40 ಎಚ್‌ಪಿಗೆ ಚಾಲಕ, ಹಿಂದೆ ನೋಡುವವ, ಟ್ಯೂಬಿನ ಮೇಲೆ ಒಬ್ಬ ವಯಸ್ಕ. ಹಗುರ ಮೈಯವರಾದರೆ ಇಬ್ಬರು. ನಾಲ್ವರು ಗೆಳೆಯರೂ ಒಟ್ಟಿಗೆ ಎಂಬುದು ಆಗದ ಮಾತು. ದೋಣಿ ನೀರಿನ ಮೇಲೆ ಎದ್ದು ಜಾರಲು ಸಾಲುವಷ್ಟು ಶಕ್ತಿ ಉಳಿಯದಿದ್ದರೆ ಅದರ ಮೂತಿ ಆಕಾಶ ನೋಡುತ್ತಾ ತೆವಳುತ್ತದೆ, ಚಾಲಕನಿಗೆ ಮುಂದಿನದು ಕಾಣುವುದಿಲ್ಲ, ಎಂಜಿನ್ ಪೂರ್ತಿ ಥ್ರಾಟಲಿನಲ್ಲಿ ಗಂಟೆಗೆ ಹತ್ತು ಹದಿನೈದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ದೋಣಿಯ ಆಸನ ಲೆಕ್ಕ ಹಾಕುವಾಗ ಟ್ಯೂಬಿನ ಮೇಲಿರುವವರನ್ನೂ ಸೇರಿಸಿ. ಟ್ಯೂಬ್ ಒಡೆದರೆ ಅವರು ದೋಣಿಯಲ್ಲೇ ಮರಳಬೇಕು.

ಹಗ್ಗ ಕಟ್ಟುವ ಜಾಗ ಹಿಂಗೋಡೆಗೆ ಆರಪಾರ ಬೋಲ್ಟ್ ಹಾಕಿ, ಒಳಬದಿಯಲ್ಲಿ ಲೋಹದ ಪಟ್ಟಿ ಕೊಟ್ಟು ಬಿಗಿದ ಎರಡು ಕೊಂಡಿಗಳೇ ಆಗಬೇಕು. ಸ್ಕ್ರೂ ಹಾಕಿದ ಗೂಟ, ಕಂಬಿ, ಸೀಟಿನ ಕಾಲು, ಎಂಜಿನ್ನಿನ ಬ್ರಾಕೆಟ್ಟು, ಇವುಗಳಲ್ಲಿ ಯಾವುದಕ್ಕೂ ಕಟ್ಟಬೇಡಿ. ಫೈಬರ್ ಗೋಡೆಯಿಂದ ಸ್ಕ್ರೂ ಕಿತ್ತು ಬಂದರೆ ಆ ಲೋಹದ ತುಂಡು ಚಿಮ್ಮುವುದು ಟ್ಯೂಬಿನಲ್ಲಿರುವವರ ಮುಖದ ಕಡೆಗೇ. ಎರಡೂ ಕೊಂಡಿಗಳಿಂದ ವಿ ಆಕಾರದ ಹಗ್ಗವೊಂದು ಎಂಜಿನ್ನಿನ ಹಿಂದಿನಿಂದ ಸುತ್ತಿ ಬರುತ್ತದೆ. ಅದಕ್ಕೆ ಬ್ರೈಡಲ್ ಎನ್ನುತ್ತಾರೆ. ಅದರ ಮೇಲೆ ಓಡುವ ರಾಟೆ, ರಾಟೆಗೆ ತೇಲುಬುರುಡೆ ಇರುವಂಥದ್ದನ್ನೇ ತೆಗೆದುಕೊಳ್ಳಿ. ತೇಲದ ಬ್ರೈಡಲ್, ದೋಣಿ ನಿಂತ ಕ್ಷಣ ಮುಳುಗಿ ಪ್ರೊಪೆಲ್ಲರಿನ ಬುಡಕ್ಕೆ ಸೇರುತ್ತದೆ.

ಹಗ್ಗ

ಸಾಮಾನುಗಳಲ್ಲಿ ಜನ ಅತಿ ಹೆಚ್ಚು ತಪ್ಪು ಮಾಡುವುದು ಇಲ್ಲೇ. ಕೃಷಿ ಅಂಗಡಿಯ ಹಳದಿ, ನೀಲಿ ಹಗ್ಗ ಗಟ್ಟಿಯಾಗಿ ಕಾಣುತ್ತದೆ, ಆದರೆ ಎಷ್ಟು ಭಾರಕ್ಕೆ ತುಂಡಾಗುತ್ತದೆ ಎಂಬ ಅಂಕಿ ಅದರ ಮೇಲಿರುವುದಿಲ್ಲ. ಅಮೆರಿಕದ ವಾಟರ್ ಸ್ಪೋರ್ಟ್ಸ್ ಇಂಡಸ್ಟ್ರಿ ಅಸೋಸಿಯೇಷನ್ ಗೊತ್ತುಪಡಿಸಿದ ಅಳತೆಯನ್ನೇ ಹಗ್ಗ ತಯಾರಕರು ಬಳಸುತ್ತಾರೆ: ಟ್ಯೂಬಿನಲ್ಲಿ ಒಬ್ಬರಿದ್ದರೆ ಹಗ್ಗ ಕನಿಷ್ಠ 680 ಕಿಲೋ ತಾಳಬೇಕು, ಇಬ್ಬರಿಗೆ ಸುಮಾರು 1,080, ಮೂವರಿಗೆ 1,520, ನಾಲ್ವರಿಗೆ 1,860. ಇಲ್ಲಿ ಒಬ್ಬರು ಎಂದರೆ 77 ಕಿಲೋ ತೂಕ. ನಮ್ಮ ಕಡೆಯ ಜೋಳದ ರೊಟ್ಟಿಯ ಮೈಕಟ್ಟಿನ 95 ಕಿಲೋದ ಇಬ್ಬರು ಕುಳಿತರೆ ಅದು ಇಬ್ಬರ ಹಗ್ಗದ ಲೆಕ್ಕವಲ್ಲ, ಮೂವರದ್ದು. ಟ್ಯೂಬಿನ ತೂಕದ ಮಿತಿಗೂ ಇದೇ ನಿಯಮ.

77 ಕಿಲೋ ಮನುಷ್ಯನಿಗೆ 680 ಕಿಲೋದ ಹಗ್ಗ ಯಾಕೆ? ಟ್ಯೂಬ್ ನೀರಿನ ಮೇಲೆ ಜಾರುತ್ತಿರುವಾಗ ಎಳೆತ ಕಡಿಮೆಯೇ. ಅದರ ಮೂತಿ ಅಲೆಗೆ ಚುಚ್ಚಿಕೊಂಡರೆ ಅದು ಬುಟ್ಟಿಯಾಗಿ ನೀರು ತುಂಬಿಕೊಳ್ಳುತ್ತದೆ, ಆಗ ಎಳೆತ ಒಮ್ಮೆಗೇ ಹತ್ತಾರು ಪಟ್ಟು ಏರುತ್ತದೆ. ಸಡಿಲವಾಗಿದ್ದ ಹಗ್ಗ ಒಮ್ಮೆಲೇ ಬಿಗಿಯಾದಾಗಲೂ ಹಾಗೆಯೇ. ಹಗ್ಗ ತುಂಡಾಗುವುದು ಈ ಜಗ್ಗಿನಲ್ಲಿ.

ಎಳೆ ಪಾಲಿಎಥಿಲೀನಿನದ್ದಾಗಲಿ, ಅದು ತೇಲುತ್ತದೆ, ಹೆಚ್ಚು ಹಿಗ್ಗುವುದಿಲ್ಲ. ನೈಲಾನ್ ಬೇಡ. ಮುಳುಗುತ್ತದೆ ಎಂಬುದು ಒಂದು ಕಾರಣ. ರಬ್ಬರಿನಂತೆ ಹಿಗ್ಗಿ, ತುಂಡಾದಾಗ ಕವಣೆಯಂತೆ ದೋಣಿಯೊಳಗಿನವರ ಮೇಲೆ ಬೀಸುತ್ತದೆ ಎಂಬುದು ದೊಡ್ಡ ಕಾರಣ. ನೀರಿನ ಸ್ಕೀಯಿಂಗಿಗೆ ಮಾರುವ ತೆಳು ಹಗ್ಗವೂ ಟ್ಯೂಬಿಗೆ ಸಲ್ಲದು, ಅದು ಒಬ್ಬ ನಿಂತವನನ್ನು ಎಳೆಯಲು ಮಾಡಿದ್ದು. ಉದ್ದ 15ರಿಂದ 20 ಮೀಟರ್. ಅದಕ್ಕಿಂತ ಗಿಡ್ಡವಾದರೆ ಪ್ರೊಪೆಲ್ಲರಿನ ನೊರೆ, ಎಂಜಿನ್ ಹೊಗೆ ಮುಖಕ್ಕೆ ಬರುತ್ತದೆ. ಉದ್ದವಾದರೆ ಟ್ಯೂಬ್ ಬೀಸುವ ವ್ಯಾಪ್ತಿ ನಿಮ್ಮ ಅಂದಾಜಿಗೆ ಸಿಗುವುದಿಲ್ಲ.

ಎಲ್ಲಿಯೂ ಗಂಟು ಹಾಕಬಾರದು. ಗಂಟು ಬಿದ್ದ ಕಡೆ ಹಗ್ಗದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಾರ್ಖಾನೆಯಲ್ಲೇ ಹೆಣೆದ ಕುಣಿಕೆ ಎರಡೂ ತುದಿಗೆ ಇರುತ್ತದೆ. ಟ್ಯೂಬಿನ ಮೂತಿಯ ಪಟ್ಟಿಯೊಳಗೆ ಕುಣಿಕೆ ತೂರಿಸಿ, ಅದರೊಳಗಿಂದ ಇಡೀ ಹಗ್ಗವನ್ನು ಎಳೆದುಕೊಂಡರೆ ಸಾಕು. ಕಬ್ಬಿಣದ ಕ್ಯಾರಬಿನರ್ ಕೊಕ್ಕೆ ಸೇರಿಸುವ ಅಗತ್ಯವಿಲ್ಲ. ಪ್ರತಿ ಸಲ ಬಳಸುವ ಮೊದಲು ಹಗ್ಗವನ್ನು ಕೈಯೊಳಗೆ ಓಡಿಸಿ ನೋಡಿ. ಎಳೆ ಎದ್ದು ಹಂಚಿಕಡ್ಡಿಯಂತೆ ಒರಟಾಗಿದ್ದರೆ, ಬಿಸಿಲಿಗೆ ಬಣ್ಣ ಬಿಳಿಚಿದ್ದರೆ, ಎಲ್ಲಾದರೂ ಗಟ್ಟಿ ಕಟ್ಟಿದ್ದರೆ ಅದು ಇನ್ನು ಮೇವಿನ ಪೆಂಡಿ ಕಟ್ಟಲಿಕ್ಕೆ. ನಮ್ಮ ಬಿಸಿಲಿನಲ್ಲಿ ಹಗ್ಗವನ್ನು ದೋಣಿಯಲ್ಲೇ ಬಿಟ್ಟು ಹೋದರೆ ಒಂದೇ ಹಂಗಾಮಿಗೆ ಈ ಗತಿ.

ಟ್ಯೂಬ್

ಟ್ರ್ಯಾಕ್ಟರ್ ಟ್ಯೂಬು ಬಾವಿಯಲ್ಲಿ ಈಜು ಕಲಿಯಲು ಸಾಟಿಯಿಲ್ಲದ್ದು. ದೋಣಿಯ ಹಿಂದೆ ಅದೇ ಅಪಾಯ. ಅದಕ್ಕೆ ಎಳೆಯುವ ಬಿಂದು ಇಲ್ಲ. ಸುತ್ತ ಬಿಗಿದ ಹಗ್ಗ ಎಳೆತಕ್ಕೆ ಟ್ಯೂಬನ್ನು ಹಿಂಡಿ ಜಾರುತ್ತದೆ. ಮುಂಭಾಗ ಮೇಲೆದ್ದಿಲ್ಲ, ಹಾಗಾಗಿ ವೇಗ ಏರಿದೊಡನೆ ನೀರಿಗೆ ಚುಚ್ಚುತ್ತದೆ. ನಡುವಿನ ತೂತಿನಲ್ಲಿ ಕುಳಿತವರ ಸೊಂಟ ಕೆಳಗೆ ಜೋತು ನೀರನ್ನು ಉಳುತ್ತಾ ಹೋಗುತ್ತದೆ. ಒದ್ದೆ ರಬ್ಬರಿಗೆ ಹಿಡಿಕೆ ಇಲ್ಲ. ಹಿತ್ತಾಳೆಯ ವಾಲ್ವು ತೊಡೆ ಸೀಳುತ್ತದೆ.

ಎಳೆಯಲೆಂದೇ ಮಾಡಿದ ಟ್ಯೂಬಿನಲ್ಲಿ ಎರಡು ಪದರ ಇರುತ್ತವೆ: ಒಳಗೆ ಗಾಳಿ ತುಂಬುವ ಪಿವಿಸಿ ಚೀಲ, ಹೊರಗೆ ನೈಲಾನ್ ಹೊದಿಕೆ. ಚೀಲ 24ರಿಂದ 30 ಗೇಜ್, ಅಂದರೆ 0.6ರಿಂದ 0.75 ಮಿ.ಮೀ. ದಪ್ಪ, ಹೊದಿಕೆ 840 ಡೆನಿಯರ್ (ನೂಲಿನ ದಪ್ಪದ ಅಳತೆ) ಇದ್ದರೆ ಬಾಳಿಕೆ ಬರುತ್ತದೆ. ಹೊದಿಕೆ ಇಲ್ಲದ ಬರಿ ಪಿವಿಸಿ ಟ್ಯೂಬು ಈಜುಕೊಳದ ಆಟಿಕೆ, ಅದನ್ನು ಎಳೆಯಬಾರದು. ಹಿಡಿಕೆಗೆ ಬಟ್ಟೆ ಸುತ್ತಿ ಬೆರಳ ಗೆಣ್ಣು ಕಾಯುವ ಪಟ್ಟಿ ಇದೆಯೇ, ಎಳೆಯುವ ಪಟ್ಟಿ ಹೊದಿಕೆಯ ಸುತ್ತಲೂ ಹೊಲಿದಿದೆಯೇ ನೋಡಿ.

ಆಕಾರ ಎರಡು ಬಗೆ. ಹೊಟ್ಟೆಯ ಮೇಲೆ ಮಲಗುವ ಚಪ್ಪಟೆ ಟ್ಯೂಬಿನಿಂದ ಬೀಳುವುದು ಸುಲಭ, ಮಜಾ ಹೆಚ್ಚು. ಕುಳಿತು ಬೆನ್ನಾನಿಸುವ ಸೋಫಾ ಬಗೆಯದು ಗಟ್ಟಿ ನಿಲ್ಲುತ್ತದೆ. ಹೊಸಬರಿಗೆ, ಮಕ್ಕಳಿಗೆ ಅದೇ ಸರಿ. ಇಬ್ಬರು ಒಟ್ಟಿಗೆ ಮಲಗುವ ಚಪ್ಪಟೆ ಟ್ಯೂಬಿನಲ್ಲಿ ಗಾಯಗಳು ಹೆಚ್ಚಾಗಿ ನೀರಿನಿಂದ ಆಗುವುದಿಲ್ಲ, ಒಬ್ಬರ ತಲೆ ಇನ್ನೊಬ್ಬರ ದವಡೆಗೆ ಬಡಿದು ಆಗುತ್ತವೆ. ನನ್ನ ಮಟ್ಟಿಗೆ ಮೊದಲ ಹಂಗಾಮಿಗೆ ಇಬ್ಬರು ಕುಳಿತುಕೊಳ್ಳುವ ಟ್ಯೂಬು, ಅದರಲ್ಲಿ ಒಬ್ಬರೇ.

ಗಾಳಿ ತುಂಬಲು ಟೈರಿನ ಕಂಪ್ರೆಸರ್ ಬಳಸಬೇಡಿ. ಅದು ಕಡಿಮೆ ಗಾಳಿಯನ್ನು ಹೆಚ್ಚು ಒತ್ತಡದಲ್ಲಿ ಕೊಡುತ್ತದೆ. ನಿಮಗೆ ಬೇಕಿರುವುದು ತದ್ವಿರುದ್ಧ. 12 ವೋಲ್ಟಿನ ಊದುವ ಪಂಪು ಸಾಕು. ಹೊದಿಕೆಯಲ್ಲಿ ಸುಕ್ಕು ಉಳಿಯಬಾರದು. ಟ್ಯೂಬಿನ ಮೇಲೆ ಒಬ್ಬರು ನಿಂತರೆ ಪಾದ ಒಂದು ಅಂಗುಲಕ್ಕಿಂತ ಹೆಚ್ಚು ಇಳಿಯಬಾರದು. ಗಾಳಿ ಕಡಿಮೆಯಾದ ಟ್ಯೂಬು ನಡುವೆ ಮಡಚಿ ನೀರು ಬಾಚುತ್ತದೆ. ಹೊಲಿಗೆ ಬಿಚ್ಚುವುದು, ಹಗ್ಗ ತುಂಡಾಗುವುದು ಬಹುಪಾಲು ಇದರಿಂದ. ಹಾಗಂತ ದಡದಲ್ಲಿ ಬಿಗಿಯಾಗಿ ತುಂಬಿ ಬಿಸಿಲಿಗೆ ಬಿಟ್ಟು ಊಟಕ್ಕೆ ಕುಳಿತರೂ ಕೆಟ್ಟಿತು. ಒಳಗಿನ ಗಾಳಿ 25 ಡಿಗ್ರಿಯಿಂದ 55 ಡಿಗ್ರಿಗೆ ಕಾದರೆ ಒತ್ತಡ ಒಂದೂವರೆ ಪಿಎಸ್‌ಐಯಷ್ಟು ಏರುತ್ತದೆ. ಟೈರಿಗೆ ಅದು ಲೆಕ್ಕಕ್ಕಿಲ್ಲ, ಟ್ಯೂಬಿನ ಹೊಲಿಗೆಗೆ ಅಷ್ಟೇ ಸಾಕು. ದಡದಲ್ಲಿ ಮುಕ್ಕಾಲು ತುಂಬಿ, ನೀರಿಗಿಳಿಸಿ ತಂಪಾದ ಮೇಲೆ ಪೂರ್ತಿ ಮಾಡಿ. ಮನೆಯಲ್ಲಿ ಪೂರ್ತಿ ಒಣಗಿಸಿ ಮಡಚಿಟ್ಟು ಇಲಿ ತಲುಪದ ಕಡೆ ತೂಗುಹಾಕಿ.

ಮೈಮೇಲೆ ಏನಿರಬೇಕು

ಬಾವಿ ಈಜು ಬರುತ್ತದೆ ಎಂಬುದು ಒಳ್ಳೆಯದು, ಆದರೆ ಜಾಕೆಟ್ ಬಿಡಲು ಅದು ನೆಪವಲ್ಲ. ವೇಗದಲ್ಲಿ ನೀರಿಗೆ ಬಡಿದಾಗ ಉಸಿರು ಹೊರಗೆ ಹೋಗಿ ಕೆಲವು ಕ್ಷಣ ಒಳಗೆ ಬರುವುದೇ ಇಲ್ಲ. ಆ ಹೊತ್ತಿಗೆ ಎಂಥ ಈಜುಗಾರನ ಕೈಕಾಲೂ ಆಡುವುದಿಲ್ಲ. ಫೆರಿ ದೋಣಿಗಳಲ್ಲಿ ಸಿಗುವ ದಪ್ಪ ಕಿತ್ತಳೆ ಬಣ್ಣದ, 150 ನ್ಯೂಟನ್ ತೇಲುಬಲದ ಜಾಕೆಟ್ ಈ ಆಟಕ್ಕೆ ಅಷ್ಟು ಹೊಂದುವುದಿಲ್ಲ. ಬಿದ್ದಾಗ ಮೇಲೇರಿ ಗದ್ದಕ್ಕೆ ಗುದ್ದುತ್ತದೆ. ಮೈಗೆ ಅಂಟಿಕೊಳ್ಳುವ, ಮೂರು ನಾಲ್ಕು ಬಕಲಿನ ಫೋಮ್ ವೆಸ್ಟು, ವಯಸ್ಕರಿಗೆ 50 ನ್ಯೂಟನ್ ತೇಲುಬಲದ್ದು, ಒಳಗೆ ಐಎಸ್‌ಒ 12402-5 ಎಂದು ಮುದ್ರಿಸಿದ್ದು ಬೇಕು. ಗುಂಡಿ ಒತ್ತಿದರೆ ಗಾಳಿ ತುಂಬುವ ಬಗೆಯದು ಎಳೆಯುವ ಆಟಗಳಿಗೆ ನಿಷಿದ್ಧ. ಎಲ್ಲ ಬಕಲು ಹಾಕಿ, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಿವಿಯ ತನಕ ಏರಿದರೆ ಅದು ನಿಮ್ಮ ಅಳತೆಯದಲ್ಲ. ಒಂದು ಮಾತು ಮರೆಯಬೇಡಿ: 50 ನ್ಯೂಟನ್ ವೆಸ್ಟು ಪ್ರಜ್ಞೆ ತಪ್ಪಿದವರನ್ನು ಮುಖ ಮೇಲಾಗಿ ತಿರುಗಿಸುವುದಿಲ್ಲ. ಆ ಕೆಲಸ ದೋಣಿಯದ್ದು.

ಉಂಗುರ, ಬಳೆ, ಕಾಲ್ಗೆಜ್ಜೆ, ಸರ, ದಾರ ಎಲ್ಲ ದಡದಲ್ಲೇ ಬಿಡಿ. ಹಿಡಿಕೆಯ ಪಟ್ಟಿಗೆ ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮವೇ ಸುಲಿದು ಬರುತ್ತದೆ. ಓಢಣಿ, ಲುಂಗಿ, ಸಡಿಲ ಪ್ಯಾಂಟು ಬೇಡ. ಗಂಡಸರಿಗಾಗಲಿ ಹೆಂಗಸರಿಗಾಗಲಿ ತೊಡೆಗೆ ಬಿಗಿಯಾಗುವ ದಪ್ಪ ನಿಯೋಪ್ರೀನ್ (ರಬ್ಬರಿನಂಥ ಬಟ್ಟೆಯ) ಚಡ್ಡಿ ಅಗತ್ಯ: ಕುಳಿತ ಭಂಗಿಯಲ್ಲಿ ಬಿದ್ದಾಗ ಒತ್ತಡದ ನೀರು ಗುಪ್ತಾಂಗದೊಳಗೆ ನುಗ್ಗಿ ಗಾಯವಾಗುವುದುಂಟು. ಕೈಗವಸು ಇದ್ದರೆ ಅಂಗೈ ಉಳಿಯುತ್ತದೆ. ಕನ್ನಡಕ ತೆಗೆದಿಡಿ. ಬೆನ್ನು, ಕುತ್ತಿಗೆ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ದೋಣಿಯಲ್ಲೇ ಇರಲಿ. ಕುಡಿದವರು ದೋಣಿಗೂ ಬೇಡ.

ಓಡಿಸುವುದು

ದೋಣಿಯಲ್ಲಿ ಇಬ್ಬರು ಇರಲೇಬೇಕು. ಚಾಲಕ ಮುಂದೆ ನೋಡುತ್ತಾನೆ, ಇನ್ನೊಬ್ಬರು ಹಿಂದಿನ ಟ್ಯೂಬಿನಿಂದ ಕಣ್ಣು ತೆಗೆಯುವುದಿಲ್ಲ. ಫೋನಿನಲ್ಲಿ ವಿಡಿಯೊ ಮಾಡುವ ಆಸೆಯಿದ್ದರೆ ಮೂರನೆಯವರನ್ನು ಕೂರಿಸಿ. ಎಂಜಿನ್ ಬಂದ್ ಮಾಡುವ ಕಿಲ್ ಸ್ವಿಚ್ಚಿನ ದಾರ ಚಾಲಕನ ಮಣಿಕಟ್ಟಿಗೋ ಜಾಕೆಟ್ಟಿಗೋ ಕಟ್ಟಿರಬೇಕು.

ಸನ್ನೆಗಳನ್ನು ದಡದಲ್ಲೇ ಒಪ್ಪಿಕೊಳ್ಳಿ. ಹೆಬ್ಬೆರಳು ಮೇಲೆ, ವೇಗ ಹೆಚ್ಚಿಸು. ಹೆಬ್ಬೆರಳು ಕೆಳಗೆ, ಇಳಿಸು. ಕತ್ತಿನ ಮುಂದೆ ಅಂಗೈ ಅಡ್ಡ ಆಡಿಸಿದರೆ ನಿಲ್ಲಿಸು. ತಲೆ ತಟ್ಟಿದರೆ ದಡಕ್ಕೆ ಹೋಗೋಣ. ಬಿದ್ದ ಮೇಲೆ ಕೈ ಮೇಲೆತ್ತಿದರೆ ಆರಾಮಿದ್ದೇನೆ. ಕೈ ಏಳದಿದ್ದರೆ ಏನೋ ಆಗಿದೆ ಎಂದೇ ಅರ್ಥ.

ಹೊರಡುವಾಗ ಹಗ್ಗ ನೇರವಾಗುವ ತನಕ ತೆವಳಿ, ಬಿಗಿಯಾದ ಮೇಲಷ್ಟೇ ಥ್ರಾಟಲ್ ನಿಧಾನಕ್ಕೆ ಏರಿಸಿ. ಮೇಲಿರುವವರು ಆಗ ಹಿಂದಕ್ಕೆ ವಾಲಿರಬೇಕು, ಟ್ಯೂಬಿನ ಮೂತಿ ಎದ್ದು ನೀರಿನ ಮೇಲೆ ಜಾರತೊಡಗಿದ ಮೇಲೆ ಮುಂದೆ ಸರಿಯಬಹುದು. ಕೈಯನ್ನು ಹಿಡಿಕೆಗೆ ಸುತ್ತಿಕೊಳ್ಳಬಾರದು, ಪಾದ ಪಟ್ಟಿಯೊಳಗೆ ತೂರಿಸಬಾರದು. ಬೀಳುವಾಗ ಬಿಟ್ಟುಹೋಗುವುದೇ ರಕ್ಷಣೆ. ವಯಸ್ಕರಿಗೆ ಗರಿಷ್ಠ ಗಂಟೆಗೆ 32 ಕಿ.ಮೀ., ಮಕ್ಕಳಿಗೆ 24. ಹೊಸಬರಿಗೆ 20ರಿಂದ 25 ಸಾಕಾಗಿ ಮಿಗುತ್ತದೆ. ಫೋನಿನ ಜಿಪಿಎಸ್ ವೇಗ ತೋರಿಸುತ್ತದೆ, ಅಂದಾಜು ನಂಬಬೇಡಿ.

ತಿರುವಿನಲ್ಲಿ ಈ ಅಂಕಿಗಳು ಸುಳ್ಳಾಗುತ್ತವೆ. ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿದ್ದರೆ ಗೊತ್ತು: ಮೇಟಿಯ ಬಳಿಯ ಎತ್ತು ಹೆಜ್ಜೆ ಹಾಕಿದರೆ ಸಾಕು, ಹೊರತುದಿಯ ಎತ್ತು ಓಡಲೇಬೇಕು. ದೋಣಿ ಚಕ್ಕನೆ ಎಡಕ್ಕೆ ಹೊರಳಿದಾಗ ಟ್ಯೂಬ್ ಮೊದಲು ನೇರಕ್ಕೇ ಹೋಗಿ, ಆಮೇಲೆ ಹೊರವೃತ್ತದಲ್ಲಿ ಬೀಸುತ್ತದೆ. ದೋಣಿ 30ರಲ್ಲಿದ್ದರೆ ಟ್ಯೂಬ್ 45 ಮುಟ್ಟಬಹುದು, ಅದೂ ಅಡ್ಡಡ್ಡವಾಗಿ, ದೋಣಿಯ ದಾರಿಯಿಂದ ಬಹಳ ಆಚೆ. ಚಾಲಕ ನೋಡಿದ ನೀರು ಬೇರೆ, ಟ್ಯೂಬ್ ಓಡುವ ನೀರು ಬೇರೆ ಆಗುವುದು ಹೀಗೆ. ತಿರುವಿಗೆ ಮೊದಲು ವೇಗ ಇಳಿಸಿ, ದೊಡ್ಡ ಬಳಸಿನಲ್ಲಿ ತಿರುಗಿ, ಎರಡೂ ಕಡೆ 60 ಮೀಟರ್ ಖಾಲಿ ನೀರಿರಲಿ. ಒಂದೇ ಸುತ್ತಿನಲ್ಲಿ ಗಿರಗಿರ ತಿರುಗಿಸುವ ಚಾಲಕರೂ ಇದ್ದಾರೆ. ಆಗ ಟ್ಯೂಬ್ ಒಳವೃತ್ತಕ್ಕೆ ಜಾರಿ ನಿಂತು, ಹಗ್ಗ ಸಡಿಲವಾಗಿ, ದೋಣಿ ನೇರವಾದ ಕ್ಷಣ ಕುತ್ತಿಗೆ ಉಳುಕುವಂತೆ ಜಗ್ಗುತ್ತದೆ. ಬೇಕಂತಲೇ ಬೀಳಿಸುವುದು ಗೋವಾದ ಕಡಲಲ್ಲಿ ಆಟದ ಭಾಗ. ಅಲ್ಲಿ ಕೆಳಗೆ ಮುಳುಗಿದ ಊರಿಲ್ಲ.

ಯಾರಾದರೂ ಬಿದ್ದರೆ ಹಿಂದೆ ನೋಡುವವರು ಕೂಗಿ ಕೆಂಪು ಬಾವುಟ ಎತ್ತಲಿ. ಚಾಲಕ ತಕ್ಷಣ ಥ್ರಾಟಲ್ ಇಳಿಸಿ, ನಿಧಾನವಾಗಿ ಬಳಸಿ ಬರಲಿ. ಬಿದ್ದವರು ಸದಾ ತನ್ನ ಕಡೆಗೆ, ಕಣ್ಣಿಗೆ ಕಾಣುವಂತೆ ಇರಬೇಕು. ತೇಲುವ ಹಗ್ಗದ ಮೇಲೆ ದೋಣಿ ಹಾಯಿಸಬೇಡಿ. ಹತ್ತಿರ ಬಂದಾಗ ಎಂಜಿನ್ ಪೂರ್ತಿ ಬಂದ್ ಆಗಬೇಕು, ನ್ಯೂಟ್ರಲ್ ಸಾಲದು. ಬಿದ್ದವರು ಅಲುಗದಿದ್ದರೆ ಅಥವಾ ಕೈಕಾಲು ಜೋಮು ಎಂದರೆ ಜಾಕೆಟ್ ಹಿಡಿದು ದರದರ ಮೇಲೆಳೆಯಬೇಡಿ; ಒಬ್ಬರು ನೀರಿಗಿಳಿದು ತಲೆ ಕುತ್ತಿಗೆ ಒಂದೇ ನೇರದಲ್ಲಿ ಹಿಡಿದು ಮುಖ ಮೇಲಿರಿಸಲಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ನೀರು ಕುಡಿದು ಉಸಿರು ನಿಂತಿದ್ದರೆ ಮಾತ್ರ ಕುತ್ತಿಗೆಯ ಚಿಂತೆಗಿಂತ ಉಸಿರು ದೊಡ್ಡದು: ಬೇಗ ಮೇಲೆತ್ತಿ, ಮೊದಲು ಬಾಯಿಯಿಂದ ಉಸಿರು ಕೊಟ್ಟು ಆಮೇಲೆ ಎದೆ ಒತ್ತಿ. ಹಿನ್ನೀರಿನ ಯಾವ ಭಾಗದಲ್ಲಿ ಫೋನ್ ಸಿಗ್ನಲ್ ಸಿಗುತ್ತದೆ ಎಂಬುದನ್ನು ಮುಂಚೆಯೇ ನೋಡಿಡಿ. ದೋಣಿ ನಡೆಸುವವರು ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಪವರ್‌ಬೋಟ್ ಮತ್ತು ಜೀವರಕ್ಷಣೆಯ ತರಬೇತಿ ಪಡೆದು ಬಂದರೆ, ಟ್ಯೂಬಿಗಿಂತ ಒಳ್ಳೆಯ ಖರ್ಚು ಅದು.

ಮೊದಲ ಸಲ ಹತ್ತು ನಿಮಿಷಕ್ಕೆ ಮುಗಿಸಿ. ಮುಂಗೈ ಸೋತು ಹಿಡಿತ ಸಡಿಲವಾದ ಮೇಲೆ ಬೀಳುವ ಬೀಳುವಿಕೆಗಳೇ ಕೆಟ್ಟವು.

ಮಗಳ ವಿಷಯ

ಎಂಟು ವರ್ಷಕ್ಕೆ ಆಗದು ಎಂದೇನಿಲ್ಲ. ಟ್ಯೂಬಿನ ಮೇಲೆ ತಯಾರಕರು ಮುದ್ರಿಸಿದ ಕನಿಷ್ಠ ವಯಸ್ಸು ಮೊದಲು ನೋಡಿ. ಅವಳ ತೂಕಕ್ಕೆ ತಕ್ಕ, ತೊಡೆಸಂದಿಯ ಪಟ್ಟಿ ಇರುವ ಜಾಕೆಟ್ಟೇ ಬೇಕು. ದೊಡ್ಡವರದ್ದನ್ನು ಬಿಗಿದು ಕಟ್ಟಿದರೆ ನೀರಿನಲ್ಲಿ ಜಾಕೆಟ್ ಮೇಲೆ, ಮಗು ಕೆಳಗೆ. ನೀವು ಪಕ್ಕದಲ್ಲಿ ಕುಳಿತರೆ ಧೈರ್ಯ ಎನಿಸುತ್ತದೆ, ಆದರೆ ಟ್ಯೂಬ್ ಪುಟಿದಾಗ 80 ಕಿಲೋದವರು 25 ಕಿಲೋದವಳ ಮೇಲೆ ಬೀಳುತ್ತಾರೆ. ಹೆಚ್ಚುಕಡಿಮೆ ಅವಳದೇ ತೂಕದ, ಈಜು ಬರುವ ಇನ್ನೊಂದು ಮಗು ಜೊತೆಗಿರಲಿ, ಇಲ್ಲವೇ ಒಬ್ಬಳೇ ಸೋಫಾ ಟ್ಯೂಬಿನಲ್ಲಿ, ಗಂಟೆಗೆ 12ರಿಂದ 15 ಕಿ.ಮೀ. ವೇಗದಲ್ಲಿ, ತಿರುವುಗಳಿಲ್ಲದೆ. ಆ ದಿನ ಹಿಂದೆ ನೋಡುವ ಕೆಲಸ ನಿಮ್ಮದು. ಅದಕ್ಕೂ ಮೊದಲು ಜಾಕೆಟ್ ಹಾಕಿಸಿ ಈಜುಕೊಳದ ಆಳದ ಕಡೆಯಲ್ಲಿ ಹಾರಿಸಿ ನೋಡಿ. ಮುಖಕ್ಕೆ ನೀರು ಹೊಡೆದು ಮುಳುಗಿ ಎದ್ದ ಮೇಲೂ ಕೈ ಮೇಲೆತ್ತಿ ತೋರಿಸಿದಳೋ, ಕರೆದುಕೊಂಡು ಹೋಗಿ. ಅತ್ತು ನಿಮ್ಮ ಕುತ್ತಿಗೆಗೆ ಜೋತುಬಿದ್ದಳೋ, ಮುಂದಿನ ದೀಪಾವಳಿಗೆ ಮತ್ತೆ ಪರೀಕ್ಷಿಸಿ.